ಕನ್ನಡದ ಒಂದು ಒಪ್ಪಿಗೆ, ಇಂಗ್ಲಿಷಿನ ಹಲವು

ಕನ್ನಡದ 'ಒಪ್ಪು' ಎಂಬ ಧಾತು ಬಹು ಉದಾರವಾದುದು. ಸಂಬಂಧ ಕುದುರಿದರೂ ಒಪ್ಪಿಗೆ, ಬೆಲೆ ಗೊತ್ತಾದರೂ ಒಪ್ಪಿಗೆ, ಸಭೆಯಲ್ಲಿ ಕೈಯೆತ್ತಿದರೂ ಒಪ್ಪಿಗೆ. ತೊಟ್ಟ ಒಡವೆ ಸೊಗಸಿದರೆ ಅದೂ ಮೈಗೆ ಒಪ್ಪುತ್ತದೆ. ಇಂಗ್ಲಿಷರಾದರೋ ಈ ಒಂದು ಕೆಲಸಕ್ಕೆ ಹತ್ತಾರು ಕ್ರಿಯಾಪದಗಳನ್ನು ನೇಮಿಸಿ, ಒಂದೊಂದಕ್ಕೂ ಬೇರೆ ಬೇರೆ ಪಗಾರ ಗೊತ್ತುಮಾಡಿದ್ದಾರೆ. ಊರು ಬಿಟ್ಟು ಬಂದು ಹೋಟೆಲಿನ ಗಲ್ಲಾದ ಬಳಿಯಲ್ಲೋ ಕಚೇರಿಯ ಕಡತಗಳ ನಡುವೆಯೋ ದುಡಿಯುವ ನಮ್ಮ ವಾಚಕ ಬಾಂಧವರಿಗೆ ಇದು ಬರಿಯ ವ್ಯಾಕರಣ ವಿನೋದವಲ್ಲ. ಖೋಲಿಯ ಬಾಡಿಗೆ ಕರಾರು, ನೌಕರಿಯ ಷರತ್ತು, ಬ್ಯಾಂಕಿನ ಸಾಲಪತ್ರ, ಇವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುತ್ತವೆ. ಕೆಳಗೆ ಬೀಳುವ ರುಜು ಮಾತ್ರ ನಮ್ಮದು.

'ಅಗ್ರೀ' ಎಂಬುದು ಈ ಬಳಗದ ಹಿರಿಯಕ್ಕ. ಅದರ ಫ್ರೆಂಚ್ ಮೂಲದಲ್ಲಿ 'ಮನಸ್ಸಿಗೆ ಹಿತವಾಗು' ಎಂಬ ಭಾವವಿದೆ. ಆದುದರಿಂದಲೇ ಊಟ ಮೈಗೆ ಒಗ್ಗದಿದ್ದಾಗಲೂ ಇಂಗ್ಲಿಷರು ಅದು ತಮ್ಮೊಡನೆ 'ಅಗ್ರೀ' ಆಗಲಿಲ್ಲವೆನ್ನುತ್ತಾರೆ; ಬಡಿಸಿದ ಮಾಣಿಯು ಅದನ್ನು ಜಗಳವೆಂದು ತಿಳಿಯಬೇಕಾಗಿಲ್ಲ. ವ್ಯಕ್ತಿಯ ಅಭಿಪ್ರಾಯವನ್ನು ಒಪ್ಪುವಾಗ ಈ ಪದದ ಬೆನ್ನಿಗೆ 'ವಿತ್' ಬರುತ್ತದೆ, ಸೂಚನೆಗೆ ಒಪ್ಪುವಾಗ 'ಟು', ದರ ದಿನಗಳನ್ನು ಗೊತ್ತುಮಾಡಿಕೊಳ್ಳುವಾಗ 'ಆನ್'. 'ವಿತ್' ಹಚ್ಚಿದವನು ಮಾಲಕರ ವಿಚಾರ ಸರಿಯೆಂದನಷ್ಟೆ. 'ಟು' ಹಚ್ಚಿದವನು ಅವರು ಹೇಳಿದುದಕ್ಕೆ ಕಟ್ಟುಬಿದ್ದನು. 'ಐ ಆಮ್ ಅಗ್ರೀ' ಎಂಬ ಪ್ರಯೋಗವು ನಮ್ಮವರಲ್ಲಿ ಆಗಾಗ ಕೇಳಿಬರುತ್ತದೆ. 'ನನಗೆ ಒಪ್ಪಿಗೆ ಇದೆ' ಎಂಬಲ್ಲಿನ 'ಇದೆ'ಯೇ ಅಲ್ಲಿ 'ಆಮ್' ಆಗಿ ನುಸುಳಿರಬೇಕು. 'ಐ ಅಗ್ರೀ' ಎಂದರೆ ಸಾಕು.

'ಕನ್ಸೆಂಟ್' ಇದಕ್ಕಿಂತ ಗಂಭೀರ. ಲ್ಯಾಟಿನಿನಲ್ಲಿ ಅದರ ಅರ್ಥ 'ಕೂಡಿ ಭಾವಿಸುವುದು'. ಪರರು ನಮ್ಮ ದೇಹಕ್ಕೋ ಸೊತ್ತಿಗೋ ಏನನ್ನಾದರೂ ಮಾಡಲು ನಾವು ಅನುಮತಿ ಕೊಡುವಾಗ ಈ ಪದ ಬರುತ್ತದೆ; ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಯವರು ರುಜು ಪಡೆಯುವ ಕಾಗದವನ್ನು ನೆನೆಯಬಹುದು. 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಮು ಇದಕ್ಕೆ ಸೊಗಸಾದ ಲಕ್ಷಣವನ್ನು ಹೇಳಿದೆ: ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ, ಇವುಗಳಿಂದ ಪಡೆದ ಸಮ್ಮತಿಯು ಮುಕ್ತ ಸಮ್ಮತಿಯಲ್ಲವೆಂದು ಮುಂದಿನ ಕಲಮು ಸಾರುತ್ತದೆ. ಹಾಗೆಂದು, ಓದದೆ ರುಜು ಹಾಕಿದೆನೆಂಬ ಮಾತ್ರಕ್ಕೆ ನ್ಯಾಯಾಲಯವು ಸುಲಭವಾಗಿ ಬಿಡುಗಡೆ ಮಾಡುವುದಿಲ್ಲ.

ಒಪ್ಪಂದವಾದ ಮಾತ್ರಕ್ಕೆ ಸೇರ್ಪಡೆಯಾಯಿತೆಂದಲ್ಲ ಎಂಬುದಕ್ಕೆ ಹೈದರಾಬಾದಿಗಿಂತ ಬೇರೆ ಸಾಕ್ಷಿ ಬೇಡ. 'ಆಕ್ಸೀಡ್' ಎಂದರೆ ಬಳಿಸಾರಿ ಒಳಗೂಡುವುದು. 1947ರಲ್ಲಿ ಮೈಸೂರಿನ ಮಹಾರಾಜರು ಸೇರ್ಪಡೆ ಪತ್ರಕ್ಕೆ ಅಂಕಿತ ಹಾಕಿ ಭಾರತಕ್ಕೆ 'ಆಕ್ಸೀಡ್' ಆದರು. ನಿಜಾಮರು ಅದೇ ವರ್ಷ ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದವನ್ನು ಮಾತ್ರ ಮಾಡಿಕೊಂಡರು. ಅದು 'ಅಗ್ರೀಮೆಂಟು', 'ಆಕ್ಸೆಶನ್' ಅಲ್ಲ. ಈ ಎರಡು ಪದಗಳ ನಡುವಣ ಕಂದರದಲ್ಲಿ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರು 1948ರ ಸೆಪ್ಟೆಂಬರಿನವರೆಗೆ ಪಟ್ಟ ಪಾಡನ್ನು ಬಲ್ಲ ಮನೆತನಗಳು ನಮ್ಮ ವಾಚಕರಲ್ಲಿಯೂ ಇದ್ದಾವು.

'ಕನ್ಕರ್' ಎಂದರೆ ಜೊತೆಯಲ್ಲಿ ಓಡುವುದು, ಅರ್ಥಾತ್ ಸ್ವತಂತ್ರವಾಗಿ ವಿಚಾರಮಾಡಿ ಅದೇ ತೀರ್ಮಾನಕ್ಕೆ ಬರುವುದು. ನ್ಯಾಯಾಧೀಶರ ನೇಮಕಕ್ಕೆ ಮುನ್ನ ಮುಖ್ಯ ನ್ಯಾಯಾಧೀಶರೊಡನೆ ಸಮಾಲೋಚಿಸಬೇಕೆಂದು ಸಂವಿಧಾನ ಹೇಳುತ್ತದೆ. ಸಮಾಲೋಚನೆಯೆಂದರೆ ಸಹಮತಿಯಲ್ಲವೆಂದು ಸುಪ್ರೀಂ ಕೋರ್ಟು 1981ರಲ್ಲಿ ತೀರ್ಪಿತ್ತಿತು. 1993ರಲ್ಲಿ ಅದೇ ಕೋರ್ಟಿನ ದೊಡ್ಡ ಪೀಠವು ಅದನ್ನು ತಿರುಗಿಸಿ, ಮುಖ್ಯ ನ್ಯಾಯಾಧೀಶರ ಅಭಿಪ್ರಾಯಕ್ಕೇ ಪ್ರಾಧಾನ್ಯವೆಂದಿತು. ಒಂದು ಪದದ ಅರ್ಥಕ್ಕಾಗಿ ಇಷ್ಟು ವರ್ಷಗಳ ವಾದ! ಗುಮಾಸ್ತರು ಕಡತದ ಮೇಲೆ 'ನೋಟೆಡ್' ಎಂದು ಬರೆಯುವುದಕ್ಕೂ 'ಅಪ್ರೂವ್ಡ್' ಎಂದು ಬರೆಯುವುದಕ್ಕೂ ಇರುವ ಅಂತರವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೌನಂ ಸಮ್ಮತಿ ಲಕ್ಷಣಂ ಎಂಬ ನಮ್ಮ ಹಿರಿಯರ ಮಾತಿಗೆ ಇಂಗ್ಲಿಷಿನಲ್ಲಿ ಸಮೀಪದ ಪದವು 'ಅಕ್ವಿಯೆಸ್'. ಮನಸ್ಸಿಲ್ಲದಿದ್ದರೂ ಎದುರಾಡದೆ ಸುಮ್ಮನಿರುವುದೆಂದು ಅದರ ಭಾವ. ಹೋಟೆಲು ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ನೋಂದಾಯಿತ ಹೆಸರನ್ನು ಹೋಲುವ ಹೆಸರನ್ನು ಇನ್ನೊಬ್ಬರು ಸದ್ಭಾವದಿಂದ ನೋಂದಾಯಿಸಿ ಬಳಸುತ್ತಿರುವುದನ್ನು ಕಂಡೂ ಸತತ 5 ವರ್ಷ ಬಾಯಿಮುಚ್ಚಿಕೊಂಡಿದ್ದರೆ, ಅನಂತರ ಆಕ್ಷೇಪಿಸುವ ಹಕ್ಕು ತಪ್ಪಿಹೋಗಬಹುದು. 1999ರ ವ್ಯಾಪಾರಚಿಹ್ನೆ ಕಾಯಿದೆಯ 33ನೆಯ ಕಲಮಿನ ತಾತ್ಪರ್ಯವಿದು.

ಇನ್ನು ಬೆಂಬಲದ ಪದಗಳು. ಬೆನ್ನಿಗೆ ಬಲವಾಗುವುದೇ ಬೆಂಬಲ. ಇಂಗ್ಲಿಷಿನ 'ಸಪೋರ್ಟ್' ಎಂಬುದು ಕೆಳಗಿನಿಂದ ಹೊರುವುದು. 'ಎಂಡಾರ್ಸ್' ಎಂಬಲ್ಲಿಯೂ ಬೆನ್ನೇ ಇದೆ: ಚೆಕ್ಕಿನ ಬೆನ್ನಿಗೆ ರುಜು ಹಾಕುವುದು ಅದರ ಮೊದಲ ಕೆಲಸ. ನಮ್ಮ ಕಚೇರಿ ಕನ್ನಡದ 'ಹಿಂಬರಹ'ವು ಅದರ ಪಡಿಯಚ್ಚು. ಸಂಘದ ಸಭೆಗಳಲ್ಲಿ ಠರಾವನ್ನು 'ಸೆಕೆಂಡ್' ಮಾಡುವವನು, ಆ ವಿಷಯ ಸಭೆಯ ಮುಂದೆ ಬರಲೆಂದು ಹೇಳಿದಂತಷ್ಟೆ. ಅನುಮೋದಿಸಿದವನೇ ಕೊನೆಗೆ ವಿರುದ್ಧವಾಗಿ ಮತ ಹಾಕಿದರೆ ದ್ರೋಹವೆನ್ನಲಾಗದು. ನಮ್ಮ ಸಂಘಗಳಲ್ಲಿ ಇದನ್ನು ಒಪ್ಪುವವರು ಕಡಮೆ!

ಕೆಲಸ ಬಿಡುವ ದಿನ ಲೆಕ್ಕ ಚುಕ್ತಾ ಮಾಡುವ ಪಾವತಿಯಲ್ಲಿ 'ರಿಸೀವ್ಡ್' ಎಂದಷ್ಟೇ ಇದ್ದರೆ ಹಣ ಮುಟ್ಟಿತೆಂದು ಅರ್ಥ. 'ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್' ಎಂಬ ಮಾತು ಜೊತೆಗೂಡಿದರೆ, ಬೇರೆ ಬಾಕಿಯಿಲ್ಲವೆಂದು ಒಪ್ಪಿದಂತೆ ಎದುರು ಪಕ್ಷದವರು ವಾದಿಸುವರು. ಮೊತ್ತದಲ್ಲಿ ತಕರಾರಿದ್ದವರು ರುಜುವಿನ ಮೇಲೆ 'ಅಂಡರ್ ಪ್ರೊಟೆಸ್ಟ್' ಎಂದು ಬರೆಯುವ ವಾಡಿಕೆಯುಂಟು. ಹಣವೂ ಕೈಸೇರುತ್ತದೆ, ತಕರಾರೂ ದಾಖಲೆಯಲ್ಲಿ ಉಳಿಯುತ್ತದೆ.