ಚಿತ್ರಗಾರನ ಮೊದಲ ಎರಡು ವರ್ಷಗಳು

ಲಾಸ್ ಏಂಜಲೀಸ್ ನಗರದ ಲೈಮರ್ಟ್ ಪಾರ್ಕ್ ಬಡಾವಣೆಯಲ್ಲಿ ತಾಯಿ ನಡೆಸುತ್ತಿದ್ದ ಕೇಶಾಲಂಕಾರದ ಅಂಗಡಿಯೊಳಗೆ ಗಿರಾಕಿಗಳ ಕೂದಲನ್ನು ಸುರುಳಿಗೊಳಿಸುತ್ತಿದ್ದವರೊಬ್ಬರು, ವಯಸ್ಸು ಮೂವತ್ತರ ಸಮೀಪಕ್ಕೆ ಬಂದಾಗ ಚಿತ್ರಕಲೆಯನ್ನು ಕ್ರಮವಾಗಿ ಕಲಿಯಬೇಕೆಂದು ಮನಸ್ಸು ಮಾಡಿದರು. ಅವರು ಮೊದಲು ಮೆಟ್ಟಿದುದು ಯಾವ ಹೆಸರಾಂತ ಕಲಾಶಾಲೆಯ ಹೊಸ್ತಿಲನ್ನೂ ಅಲ್ಲ. ಯಾರು ಬಂದರೂ ಬಾಗಿಲು ತೆರೆಯುವ ಸ್ಯಾಂಟಾ ಮೋನಿಕಾ ಕಾಲೇಜನ್ನು. ಅಲ್ಲಿಂದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಸಂಸ್ಥೆಗೆ ಹೋಗಿ 1995ರಲ್ಲಿ ಪದವಿಯನ್ನೂ 1997ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಕೂದಲಿಗೆ ಸುತ್ತುವ ಆ ತೆಳು ಕಾಗದದ ತುಂಡುಗಳನ್ನೇ ಕ್ಯಾನ್‌ವಾಸಿನ ಮೇಲೆ ಸಾಲು ಸಾಲಾಗಿ ಅಂಟಿಸಿ ಹೊಸದೊಂದು ಚಿತ್ರಭಾಷೆಯನ್ನು ಕಟ್ಟಿದ ಮಾರ್ಕ್ ಬ್ರ್ಯಾಡ್‌ಫರ್ಡ್ ಇವರೇ. 2017ರ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ ಕಲಾವಿದರೂ ಇವರೇ.

ಕಮ್ಯೂನಿಟಿ ಕಾಲೇಜು ಎಂಬುದು ನಮ್ಮ ದೇಶದ ವಿದ್ಯಾರ್ಥಿಗೆ ಅಷ್ಟಾಗಿ ಪರಿಚಿತವಾದ ಮಾತಲ್ಲ. ಪ್ರೌಢಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವೆ ನಿಂತ ಎರಡು ವರ್ಷದ ಸಾರ್ವಜನಿಕ ಕಾಲೇಜು ಎಂದರೆ ಸ್ಥೂಲವಾಗಿ ಅರ್ಥವಾದೀತು. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನಲ್ಲಿ ಇಂಥ ಮೊದಲ ಕಾಲೇಜು ಹುಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 1910ರಲ್ಲಿ ಫ್ರೆಸ್ನೊ ಮೊದಲಾಯಿತು. ಈಗ ಆ ಒಂದೇ ರಾಜ್ಯದಲ್ಲಿ 116 ಇವೆ. 1960ರಲ್ಲಿ ಕ್ಲಾರ್ಕ್ ಕೆರ್ ಮುಂತಾದವರ ಮುಂದಾಳುತನದಲ್ಲಿ ರೂಪುಗೊಂಡ ಉನ್ನತ ಶಿಕ್ಷಣದ ಮಹಾಯೋಜನೆ ಅಲ್ಲಿನ ವ್ಯವಸ್ಥೆಗೆ ಮೂರು ಅಂತಸ್ತುಗಳನ್ನು ಗೊತ್ತುಮಾಡಿತು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಮೇಲಿನ ಮೂರನೆಯ ಒಂದು ಪಾಲು ಸ್ಟೇಟ್ ಕಾಲೇಜುಗಳಿಗೆ. ಕಮ್ಯೂನಿಟಿ ಕಾಲೇಜು ಮಾತ್ರ ಸರ್ವರಿಗೂ. ಆದರೆ ಕೆಳಗಿನ ಅಂತಸ್ತಿನಿಂದ ಮೇಲಕ್ಕೆ ಏಣಿಯೊಂದಿರಬೇಕು ಎಂಬುದೂ ಆ ಯೋಜನೆಯ ಸಂಕಲ್ಪವೇ ಆಗಿತ್ತು. ಆ ಏಣಿಯ ಹೆಸರು ವರ್ಗಾವಣೆ.

ಏಣಿ ಇದೆ, ನಿಜ; ಹತ್ತುವವರು ಎಷ್ಟು ಮಂದಿ? ವರ್ಗಾವಣೆಯ ಉದ್ದೇಶವಿಟ್ಟುಕೊಂಡೇ 2017ರಿಂದ 2019ರೊಳಗೆ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ಮೇಲೆ ತಲುಪಿದವರು ಐವರಲ್ಲಿ ಸುಮಾರು ಒಬ್ಬರು ಎಂದು ಆ ರಾಜ್ಯದ ಲೆಕ್ಕಪರಿಶೋಧಕರು 2024ರ ವರದಿಯಲ್ಲಿ ಹೇಳಿದ್ದಾರೆ. ಬಡತನ, ಸಂಸಾರದ ಹೊರೆ, ಹಗಲು ದುಡಿಮೆ ಎಲ್ಲವೂ ಇದಕ್ಕೆ ಕಾರಣಗಳೇ. ಆದರೆ ಯಾವ ಪಾಠವನ್ನು ಯಾವಾಗ ಓದಬೇಕೆಂಬ ಲೆಕ್ಕ ತಪ್ಪಿದುದೂ ಒಂದು ಕಾರಣವೆಂಬುದನ್ನು ಮರೆಯಲಾಗದು. ಈ ಲೆಕ್ಕ ಬೇರೆಲ್ಲ ವಿಷಯಗಳಿಗಿಂತ ಚಿತ್ರಕಲೆಯ ವಿದ್ಯಾರ್ಥಿಯನ್ನು ಹೆಚ್ಚು ಸತಾಯಿಸುತ್ತದೆ. ಹೇಗೆಂಬುದನ್ನು ತುಸು ಬಿಡಿಸಿ ನೋಡೋಣ.

ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಪ್ರವೇಶ ಬೇಕಾದರೆ 60 ಯೂನಿಟ್ಟುಗಳು ಕೂಡಿರಬೇಕು. ಇದರಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜಶಾಸ್ತ್ರಗಳನ್ನೊಳಗೊಂಡ ಸಾಮಾನ್ಯ ಶಿಕ್ಷಣದ ಪಾಲು 34. 2025ರ ಶರತ್ಕಾಲದಿಂದ ಎರಡೂ ಬಗೆಯ ವಿಶ್ವವಿದ್ಯಾನಿಲಯಗಳಿಗೆ ಇದೊಂದೇ ಪಟ್ಟಿ ಸಲ್ಲುತ್ತದೆ. ಉಳಿದುದರಲ್ಲಿ ಕಲೆಯ ತಳಹದಿ: ಎರಡು ಆಯಾಮದ ವಿನ್ಯಾಸ, ಮೂರು ಆಯಾಮದ ವಿನ್ಯಾಸ, ರೇಖಾಚಿತ್ರ, ಕಲೆಯ ಇತಿಹಾಸ. ಆಮೇಲೆ ವರ್ಣಚಿತ್ರ, ಮಾನವಾಕೃತಿಯ ರೇಖನ, ಮುದ್ರಣ, ಮಣ್ಣಿನ ಕೆಲಸ, ಛಾಯಾಚಿತ್ರ. ಇವುಗಳಿಗೆ ಒಂದರ ಹಿಂದೆ ಒಂದು ಎಂಬ ಕಟ್ಟುಪಾಡುಂಟು. ರೇಖಾಚಿತ್ರದ ಮೊದಲ ಪಾಠ ಮುಗಿಯದೆ ಮಾನವಾಕೃತಿಯ ತರಗತಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಜೊತೆಗೆ, ಮೂರು ಯೂನಿಟ್ಟಿನ ಇತಿಹಾಸದ ಪಾಠಕ್ಕೆ ವಾರಕ್ಕೆ ಮೂರು ಗಂಟೆ ಕೂತರೆ ಸಾಕು. ಅದೇ ಮೂರು ಯೂನಿಟ್ಟಿನ ಚಿತ್ರಶಾಲೆಯ ಪಾಠಕ್ಕೆ ಸಾಮಾನ್ಯವಾಗಿ ಆರು ಗಂಟೆ ನಿಲ್ಲಬೇಕು. ದುಡಿದು ಓದುವವನು ಒಂದು ಅವಧಿಯಲ್ಲಿ ಇಂಥ ಎರಡನ್ನು ನಿಭಾಯಿಸಿದರೆ ಅದೇ ದೊಡ್ಡದು.

ಈಗ ಪಂಚಾಂಗದ ಕಡೆ ತಿರುಗೋಣ. ವಿದ್ಯಾರ್ಥಿ ಆಗಸ್ಟ್ ಕೊನೆಯಲ್ಲಿ ಕಾಲೇಜು ಸೇರುತ್ತಾನೆ. ಎರಡು ವರ್ಷದ ಮೇಲೆ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾದರೆ ಅರ್ಜಿ ಹಾಕಬೇಕಾದುದು ಎರಡನೆಯ ವರ್ಷದ ನವೆಂಬರ್ ಕೊನೆಯ ಸುಮಾರಿಗೆ. ಲಾಸ್ ಏಂಜಲೀಸಿನ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಲಾವಿಭಾಗವಾಗಲಿ, ಖಾಸಗಿ ಕಲಾಶಾಲೆಗಳಾಗಲಿ, ಅಂಕಪಟ್ಟಿಯೊಂದರಿಂದಲೇ ತೃಪ್ತರಾಗುವುದಿಲ್ಲ. ಪೋರ್ಟ್‌ಫೋಲಿಯೊ ಎಂದು ಕರೆಯುವ ಕೃತಿಸಂಪುಟವನ್ನು ಕೇಳುತ್ತಾರೆ. ಹಾಗಾದರೆ ಸಂಪುಟಕ್ಕೆ ಬೇಕಾದ ಕೃತಿಗಳನ್ನು ಮಾಡಲು ಅವನಿಗೆ ಸಿಕ್ಕ ಕಾಲವೆಷ್ಟು? ಪೂರ್ಣವಾಗಿ ಎರಡು ಅವಧಿ, ಮೂರನೆಯದರಲ್ಲಿ ಒಂದಿಷ್ಟು. ಕಾಗದದ ಮೇಲೆ ಎರಡು ವರ್ಷವೆಂದು ಕಾಣುವುದು ಕೈಗೆ ಬರುವಾಗ ಹದಿನೈದು ತಿಂಗಳಾಗಿ ಕುಗ್ಗಿರುತ್ತದೆ.

ಸದುದ್ದೇಶದ ಸಲಹೆಯೊಂದು ಕೇಡು ಮಾಡುವುದೂ ಇಲ್ಲಿಯೇ. "ಮೊದಲು ಸಾಮಾನ್ಯ ಶಿಕ್ಷಣವನ್ನೆಲ್ಲ ಮುಗಿಸಿಬಿಡು, ಚಿತ್ರ ಆಮೇಲೆ ಬರೆದರಾಯಿತು" ಎಂದು ಹಿರಿಯರು ಹೇಳುತ್ತಾರೆ. ಇತರ ಹಲವು ವಿಷಯಗಳಿಗೆ ಅದು ಒಳ್ಳೆಯ ಮಾತೇ ಇರಬಹುದು. ಅದನ್ನು ನಂಬಿದ ಚಿತ್ರವಿದ್ಯಾರ್ಥಿ ಅರ್ಜಿಯ ಹೊತ್ತಿಗೆ ಒಳ್ಳೆಯ ಅಂಕಗಳನ್ನೂ ಬರಿದಾದ ಕೈಚೀಲವನ್ನೂ ಹಿಡಿದು ನಿಂತಿರುತ್ತಾನೆ. ಕೊನೆಗೆ ಮೂರನೆಯ ವರ್ಷವನ್ನೂ ಅಲ್ಲಿಯೇ ಕಳೆಯಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಅವಧಿಯಲ್ಲಿಯೇ ರೇಖಾಚಿತ್ರವೂ ಎರಡು ಆಯಾಮದ ವಿನ್ಯಾಸವೂ ಇರಲೇಬೇಕು. ಅದರ ಪಕ್ಕದಲ್ಲಿ ಇಂಗ್ಲಿಷು, ಗಣಿತ. ತತ್ತ್ವಶಾಸ್ತ್ರವೋ ಭೂಗೋಳವೋ ಕೊನೆಯ ಅವಧಿಯವರೆಗೆ ಕಾದರೆ ನಷ್ಟವೇನೂ ಇಲ್ಲ.

ಇನ್ನು ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾನಿಲಯದ ಯಾವ ಪಾಠಕ್ಕೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ರಾಜ್ಯದ ಅಧಿಕೃತ ಜಾಲತಾಣ ತಿಳಿಸುತ್ತದೆ. ಮೊದಲ ವಾರದಲ್ಲಿಯೇ ಅದನ್ನು ನೋಡುವ ವಿದ್ಯಾರ್ಥಿ ಬುದ್ಧಿವಂತ. 2010ರ ಶಾಸನವೊಂದರಂತೆ, ವರ್ಗಾವಣೆಗೆಂದೇ ಮೀಸಲಾದ ಎರಡು ವರ್ಷದ ಪದವಿಯನ್ನು ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಥಾನ ಖಚಿತ. ಚಿತ್ರಶಾಲೆಯ ಕಲೆಗೂ ಅಂಥ ಪದವಿಯುಂಟು. ಆದರೆ ಸ್ಥಾನ ಖಚಿತವೇ ಹೊರತು ತಾನು ಬಯಸಿದ ಊರಿನಲ್ಲಿಯೇ ಎಂಬುದು ಖಚಿತವಲ್ಲ. ಈ ಸೂಕ್ಷ್ಮವನ್ನು ಗಮನಿಸದೆ ನಿರಾಶರಾಗುವವರುಂಟು.

ಹಣದ ಮಾತು ಬೇಗ ಮುಗಿಯುತ್ತದೆ. ಆ ರಾಜ್ಯದ ನಿವಾಸಿಗೆ ಒಂದು ಯೂನಿಟ್ಟಿಗೆ 46 ಡಾಲರು, ಅರವತ್ತಕ್ಕೆ 2,760. ಬಣ್ಣ, ಕಾಗದ, ಕ್ಯಾನ್‌ವಾಸುಗಳ ಖರ್ಚು ಬೇರೆ. ಹೊರದೇಶದಿಂದ ಓದಲು ಬಂದವರಿಗೆ ಈ ದರವಿಲ್ಲ; ಅವರು ಇದರ ಹಲವು ಪಟ್ಟು ತೆರಬೇಕು.

ಕ್ಯೂಪರ್ಟಿನೊ, ಸನ್ನಿವೇಲ್ ಕಡೆ ನೆಲೆಸಿದ ಕನ್ನಡದ ಮನೆಗಳ ಮಟ್ಟಿಗೂ ಇದು ದೂರದ ವಿಷಯವಲ್ಲ. 1967ರಲ್ಲಿ ತೆರೆದ ಡಿ ಆಂಜಾ ಕಾಲೇಜು ಅವರ ನೆರೆಯಲ್ಲಿಯೇ ಇದೆ. ಆದರೂ ಮಗಳು ಚಿತ್ರಕಲೆ ಓದುತ್ತೇನೆಂದರೆ ತಂದೆಗೆ ಒಂದು ಚಿಂತೆ; ಅದನ್ನೂ ಕಮ್ಯೂನಿಟಿ ಕಾಲೇಜಿನಲ್ಲಿ ಎಂದರೆ ಇಮ್ಮಡಿ ಚಿಂತೆ. ಎಲ್ಲರಿಗೂ ಸೀಟು ಸಿಗುವ ಕಡೆ ವಿದ್ಯೆ ಎಲ್ಲಿಂದ ಬಂದೀತು ಎಂಬ ಶಂಕೆ ನಾವು ಊರಿನಿಂದಲೇ ಗಂಟುಕಟ್ಟಿಕೊಂಡು ಹೋದುದು. ಸ್ಯಾನ್ ಡಿಯೇಗೊ ಬಳಿಯ ಸೌತ್‌ವೆಸ್ಟರ್ನ್ ಎಂಬ ಇಂಥದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಜಾನ್ ಬಾಲ್ಡೆಸಾರಿ. ತಮ್ಮ ಹಳೆಯ ಚಿತ್ರಗಳನ್ನೆಲ್ಲ 1970ರಲ್ಲಿ ಸುಟ್ಟು ಬೂದಿ ಮಾಡಿ ಕಲೆಗೆ ಹೊಸ ದಾರಿ ಹುಡುಕಿದ ಆಚಾರ್ಯರು. ಬೆಟೀ ಸಾರ್ ಅವರೂ ಪ್ಯಾಸಡೀನಾದ ಎರಡು ವರ್ಷದ ಕಾಲೇಜಿನಿಂದ ಹೊರಟು 1949ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಪದವಿ ಪಡೆದವರು.

ಸಂಪುಟದ ವಿಷಯದಲ್ಲಿ ಒಂದು ಮಾತು ಉಳಿಯಿತು. ಪರೀಕ್ಷಕರ ಮುಂದೆ ಬರುವ ನೂರಾರು ಸಂಪುಟಗಳಲ್ಲಿ ಸೇಬು, ಬಾಟಲಿ, ಮಡಿಕೆಬಿದ್ದ ಬಟ್ಟೆ ಇದ್ದೇ ಇರುತ್ತವೆ. ಅವು ತರಗತಿಯ ಅಭ್ಯಾಸಗಳು. ಕೈ ಪಳಗಿದೆಯೆಂಬುದಕ್ಕೆ ಅಂಥ ಒಂದೆರಡು ಸಾಕು. ಉಳಿದವು ವಿದ್ಯಾರ್ಥಿ ತಾನಾಗಿ, ಯಾರೂ ಹೇಳದೆ, ಬೇಸಗೆಯ ರಜೆಯಲ್ಲಿ ತನ್ನ ಮನೆ, ತನ್ನ ಬೀದಿ, ತನ್ನ ಕಸುಬನ್ನು ನೋಡಿ ಮಾಡಿದವಾಗಿರಬೇಕು. ಮಾಡಿದ ಪ್ರತಿಯೊಂದನ್ನೂ ಅಂದಂದೇ ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದು, ಅಳತೆ, ಮಾಧ್ಯಮ, ವರ್ಷವನ್ನು ಗುರುತುಹಾಕಿಟ್ಟಿರಬೇಕು. ಮಂಚದ ಕೆಳಗಿಟ್ಟ ಇದ್ದಲಿನ ರೇಖೆ ಮಾಸುತ್ತದೆ. ಸುಡದ ಮಣ್ಣಿನ ಬೊಂಬೆ ನವೆಂಬರಿನ ತನಕ ಉಳಿಯುವುದಿಲ್ಲ.