ಆನ್ ಆಯ್ತು ಅಂದ್ರೆ ಗೆದ್ದಂಗಲ್ಲ!

'ಅಕ್ಕಾ, ಒಂದು ರೂಪಾಯಿ ಖರ್ಚಿಲ್ಲದೆ ಸ್ಪೀಡ್ ಜಾಸ್ತಿ ಮಾಡ್ದೆ ನೋಡು!' ತನ್ನ ಡೆಸ್ಕ್‌ಟಾಪನ್ನು ಓವರ್‌ಕ್ಲಾಕ್ ಮಾಡಿದ ದಿನ ತಮ್ಮ ಕುಣಿದಾಡಿದ್ದ. ವಿಂಡೋಸ್ ತೆರೆದುಕೊಂಡಿತು, ಗೇಮ್ ಚೆನ್ನಾಗಿಯೇ ಓಡಿತು. ಹದಿನೈದು ದಿನ ಬಿಟ್ಟು ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋ ತೆರೆದರೆ, ಕೆಲವು ಅರ್ಧಕ್ಕರ್ಧ ಬೂದು ಬಣ್ಣ! ಫೋನಿನಿಂದ ಇದಕ್ಕೆ ಕಾಪಿ ಮಾಡಿ, ಫೋನಲ್ಲಿದ್ದದ್ದನ್ನು ನಾನೇ ಅಳಿಸಿದ್ದೆ. ನೀಲಿ ಪರದೆ ಬಂದಿರಲಿಲ್ಲ, ಒಂದು ಎಚ್ಚರಿಕೆಯೂ ಇರಲಿಲ್ಲ.

ಹಾಗಾದ್ರೆ ಆಗಿದ್ದೇನು?

ಭಜನೆಯಲ್ಲಿ ಒಬ್ಬರು ತಾಳ ಹಾಕ್ತಾರೆ, ಮಿಕ್ಕವರೆಲ್ಲ ಅದಕ್ಕೆ ಹೊಂದಿಕೊಂಡು ಹಾಡ್ತಾರೆ. ಮದರ್‌ಬೋರ್ಡಿನಲ್ಲಿ ಆ ತಾಳವೇ ಬೇಸ್ ಕ್ಲಾಕ್ ಅಥವಾ ಬಸ್ ಸ್ಪೀಡ್. ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 45ರಿಂದ ಗುಣಿಸಿದರೆ 4500. ತಮ್ಮ 100 ಇದ್ದದ್ದನ್ನು 104 ಮಾಡಿದ್ದ. ಪ್ರೊಸೆಸರ್ 4680ಕ್ಕೆ ಏರಿತು, ಸರಿ. ಆದರೆ ಅದೇ ತಾಳಕ್ಕೆ ಕಟ್ಟುಬಿದ್ದ ರ್‍ಯಾಮ್ ಕೂಡ 3200ರಿಂದ 3328ಕ್ಕೆ ಓಡಬೇಕಾಯ್ತು. ಅದಕ್ಕೆ ಆ ವೇಗ ತಾಳಲಿಲ್ಲ. ಫೈಲ್ ಕಾಪಿ ಆಗುವಾಗ ರ್‍ಯಾಮ್ ಮೂಲಕವೇ ಹೋಗುತ್ತದೆ. ಅಲ್ಲಿ ಕೆಟ್ಟದ್ದು ಡಿಸ್ಕಿಗೂ ಹಾಗೇ ಇಳಿಯಿತು.

ಇದು ಹಳೇ ಪಾಠವೇ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ಪಿನ ಬಸ್ಸನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡುತ್ತಿತ್ತು. ಅಗ್ಗದ ಚಿಪ್, ದುಬಾರಿ ವೇಗ! 100ರಲ್ಲಿ ಬೋರ್ಡ್ ಬಸ್ಸನ್ನು 3ರಿಂದ ಭಾಗಿಸಿ ಪಿಸಿಐ ಕಾರ್ಡುಗಳಿಗೆ ಬೇಕಾದ 33 ಕೊಡುತ್ತಿತ್ತು. ನಡುವಿನ 83ರಲ್ಲಿ ನಿಲ್ಲಿಸಿದರೆ 2ರಿಂದ ಭಾಗಿಸಿ 41.5 ಆಗುತ್ತಿತ್ತು. ಅಷ್ಟಕ್ಕೇ ಹಾರ್ಡ್ ಡಿಸ್ಕಿನ ಡೇಟಾ ಕೆಡುವ ಅಪಾಯವಿತ್ತು.

ನೀವೂ ಕೈ ಹಾಕೋದಾದ್ರೆ ಇಷ್ಟು ಮಾಡಿ:

• ಮೊದಲು ಬ್ಯಾಕಪ್. ಅದೂ ಬೇರೆ ಡಿಸ್ಕಿನಲ್ಲಿ.

• ಒಂದು ಸಲಕ್ಕೆ ಒಂದೇ ಬದಲಾವಣೆ. ಬಸ್ ಮುಟ್ಟದೆ ಮಲ್ಟಿಪ್ಲೈಯರ್ ಮಾತ್ರ ಏರಿಸಲು ಬಿಡುವ ಪ್ರೊಸೆಸರ್ ಆದರೆ ಅದೇ ಸುರಕ್ಷಿತ ದಾರಿ.

• ಸಿಪಿಯು-ಝಡ್‌ನಲ್ಲಿ ಬಸ್ ಸ್ಪೀಡ್ ನೋಡಿ. 100ರ ಬದಲು 99.8 ತೋರಿಸಿದರೆ ಗಾಬರಿ ಬೇಡ. ಸುಮ್ಮನಿದ್ದಾಗ ಪ್ರೊಸೆಸರ್ ವೇಗ ಇಳಿಯುವುದೂ ಸಹಜ, ಅದು ಕರೆಂಟ್ ಉಳಿಸುವ ಉಪಾಯ. ಆದ್ದರಿಂದ ಕೆಲಸ ಕೊಟ್ಟೇ ಅಳೆಯಿರಿ.

• ರ್‍ಯಾಮ್ ವೇಗ ಸಿಪಿಯು-ಝಡ್‌ನಲ್ಲಿ ಅರ್ಧ ಕಾಣುತ್ತದೆ. 3200ರ ರ್‍ಯಾಮ್‌ಗೆ 1600 ಅಂತ ಬಂದರೆ ಸರಿಯಾಗೇ ಇದೆ.

• ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ, ರಾತ್ರಿಯಿಡೀ ಬಿಡಿ. ಆಮೇಲೆ ಪ್ರೈಮ್95 ಓಡಿಸಿ, ಹೆಚ್‌ಡಬ್ಲ್ಯುಇನ್ಫೋದಲ್ಲಿ ಬಿಸಿ ಎಷ್ಟೇರುತ್ತೆ ಅಂತ ನೋಡ್ತಾ ಇರಿ. ಒಂದೇ ಒಂದು ಎರರ್ ಬಂದರೂ ಫೇಲ್. 'ಒಂದೇ ತಾನೇ' ಅನ್ನೋ ಮಾತೇ ಇಲ್ಲ.

ತಮ್ಮ ಅವತ್ತೇ ಮೆಮ್‌ಟೆಸ್ಟ್ ಹಾಕಿದ. ಪರದೆ ತುಂಬ ಕೆಂಪು ಗೆರೆಗಳು. ಬಸ್ಸನ್ನು 100ಕ್ಕೆ ಇಳಿಸಿದ ಮೇಲೆ ರಾತ್ರಿಯೆಲ್ಲ ಓಡಿದರೂ ಒಂದೂ ತಪ್ಪಿಲ್ಲ. ನಾಲ್ಕು ಪರ್ಸೆಂಟ್ ವೇಗದಿಂದ ಅವನಿಗೆ ಗೇಮಿನಲ್ಲಿ ಕಣ್ಣಿಗೆ ಕಾಣುವಷ್ಟು ಲಾಭವೇನೂ ಆಗಿರಲಿಲ್ಲ.

ಕೆಲವು ಫೋಟೋ ಚಿಕ್ಕಮ್ಮನ ವಾಟ್ಸಾಪ್‌ನಲ್ಲಿ ಸಿಕ್ಕವು, ಸ್ವಲ್ಪ ಮಬ್ಬು ಮಬ್ಬಾಗಿ. ಅಜ್ಜಿ ಕೇಕ್ ನೋಡಿ ನಕ್ಕಿದ್ದ ಫೋಟೋ ಮಾತ್ರ ಯಾರ ಹತ್ತಿರವೂ ಇರಲಿಲ್ಲ.