ಕಪ್ಪು-ಬಿಳುಪು ಮುದ್ರಣದಲ್ಲಿ ಅಳತೆಯ ಸಾಧನಗಳು

ಗಣಕಯಂತ್ರದಿಂದ ಇಂಕ್‌ಜೆಟ್ ಪ್ರಿಂಟರಿಗೆ ಕಪ್ಪು-ಬಿಳುಪಿನ ಛಾಯಾಚಿತ್ರವೊಂದನ್ನು ಕಳುಹಿಸಿದೆವೆಂದು ಭಾವಿಸೋಣ. ಶೇಕಡ 50ರಷ್ಟು ಶಾಯಿಯನ್ನು ಬಿಡಬೇಕೆಂದು ವಿಧಿಸಿದ ಮಾತ್ರಕ್ಕೆ ಕಾಗದದ ಮೇಲೆ ಕಪ್ಪಿಗೂ ಬಿಳುಪಿಗೂ ನಟ್ಟನಡುವಿನ ಬೂದುಬಣ್ಣವು ಮೂಡುವುದಿಲ್ಲ. ಶಾಯಿಯ ಹನಿಗಳು ಕಾಗದದಲ್ಲಿ ಹರಡಿಕೊಳ್ಳುವುದರಿಂದ ಅದು ಸಾಮಾನ್ಯವಾಗಿ ಹೆಚ್ಚು ಕಪ್ಪಾಗಿಯೇ ಕಾಣುತ್ತದೆ. ನೆಗೆಟಿವ್ ನಷ್ಟವಾಗಿ ಒಂದೇ ಪ್ರತಿ ಉಳಿದಿರುವ ಹಳೆಯ ಚಿತ್ರವನ್ನು ಪುನರ್ಮುದ್ರಿಸುವವರಿಗೆ ಇದು ಅಲ್ಪ ದೋಷವಲ್ಲ. ನೆರಳಿನಲ್ಲಿ ನಿಂತವರ ಮುಖವೇ ಕತ್ತಲೆಯಲ್ಲಿ ಲೀನವಾಗಿಬಿಡಬಹುದು. ಇಲ್ಲಿ ಕಣ್ಣಂದಾಜು ಸಾಲದು. ಕಣ್ಣು ಪ್ರತಿಯೊಂದು ಛಾಯೆಯನ್ನೂ ಅದರ ನೆರೆಯ ಛಾಯೆಯೊಡನೆ ಹೋಲಿಸಿಯೇ ತೀರ್ಪು ಕೊಡುತ್ತದೆಯಷ್ಟೆ.

ಮೊದಲನೆಯ ಸಾಧನ ಡೆನ್ಸಿಟೋಮೀಟರ್, ಎಂದರೆ ಸಾಂದ್ರತಾಮಾಪಕ. ಬಿದ್ದ ಬೆಳಕಿನ ಹತ್ತರಲ್ಲೊಂದು ಪಾಲು ಹಿಂದಿರುಗಿದರೆ ಸಾಂದ್ರತೆ 1. ನೂರರಲ್ಲೊಂದು ಪಾಲಾದರೆ 2. ಹರ್ಟರ್ ಮತ್ತು ಡ್ರಿಫೀಲ್ಡರು 1890ರಲ್ಲಿ ಛಾಯಾಫಲಕಗಳ ವಿಷಯದಲ್ಲಿ ಪ್ರತಿಪಾದಿಸಿದ ಲಾಗರಿತಮಿನ ಲೆಕ್ಕವೇ ಇಲ್ಲಿಯೂ ಆಧಾರ. ಬೆಳಕನ್ನು 45 ಡಿಗ್ರಿ ಓರೆಯಾಗಿ ಬೀರಿ, ನೇರವಾಗಿ ಮೇಲಿನಿಂದ ಅಳೆಯುವುದರಿಂದ ಕಾಗದದ ಹೊಳಪು ಎಣಿಕೆಗೆ ಸೇರುವುದಿಲ್ಲ.

ಸ್ಪೆಕ್ಟ್ರೋಫೋಟೋಮೀಟರು ಇದಕ್ಕಿಂತ ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ. ಇದು ಪ್ರತಿಫಲಿಸಿದ ಬೆಳಕನ್ನು ತರಂಗಾಂತರಗಳಾಗಿ ವಿಂಗಡಿಸಿ, 1976ರ ಅಂತರರಾಷ್ಟ್ರೀಯ ಕ್ರಮದಂತೆ ಕಣ್ಣಿಗೆ ತೋರುವ ಹೊಳಪನ್ನು 0ಯಿಂದ 100ರ ಮಾನದಲ್ಲಿ ತಿಳಿಸುತ್ತದೆ. ಸಾಂದ್ರತೆ 1 ಇರುವಲ್ಲಿ ಈ ಅಂಕಿ ಸುಮಾರು 38; ಸಾಂದ್ರತೆ 2 ಇರುವಲ್ಲಿ 9. ಆದುದರಿಂದ ಸಾಂದ್ರತೆಯನ್ನು ಸಮನಾದ ಮೆಟ್ಟಿಲುಗಳಾಗಿ ಹಂಚಿದರೆ ಕಣ್ಣಿಗೆ ಅವು ಸಮವಾಗಿ ತೋರಲಾರವು. ಬೂದುಬಣ್ಣವು ಕೆಂಪಿಗೋ ನೀಲಿಗೋ ವಾಲಿದ್ದರೆ ಅದನ್ನೂ ಈ ಯಂತ್ರ ಹೇಳುತ್ತದೆ. ಮನೆಯ ಸ್ಕ್ಯಾನರು ಬಡವನ ಮಾಪಕ. ಅಳತೆ ತಿಳಿದ ಛಾಯಾಪಟ್ಟಿಯೊಂದನ್ನು ಜೊತೆಗಿಟ್ಟು ಓದಿಸಿದರೆ ಕೆಲಸ ಕೊಟ್ಟೀತು, ಆದರೆ ಗಾಢವಾದ ಕಪ್ಪಿನಲ್ಲಿ ಅದನ್ನು ನಂಬಲಾಗದು.

ಕ್ರಮ ಸರಳ. ಶೇಕಡ 5ರ ಅಂತರದಲ್ಲಿ 21 ಚೌಕಗಳನ್ನು ಮುದ್ರಿಸಿ, ಅಳೆದು, ಬಂದ ವಕ್ರರೇಖೆಯನ್ನು ಮುದ್ರಣದ ತಂತ್ರಾಂಶದಲ್ಲಿ ಸರಿಪಡಿಸಬೇಕು. ಅವಸರ ಮಾತ್ರ ಕೂಡದು. ನಾವೇ ಒಮ್ಮೆ ಹಸಿ ಹಾಳೆಯನ್ನು ಅಳೆದು, ಮರುದಿನ ಒಣಗಿದ ಹಾಳೆಯು ಬೇರೆಯೇ ಅಂಕಿಗಳನ್ನು ಕೊಡಲು, ಮಾಡಿದ ತಿದ್ದುಪಡಿಯನ್ನೆಲ್ಲ ಕೈಬಿಡಬೇಕಾಯಿತು. ಕಾಗದ ಬದಲಾದರೆ ಅಳತೆಯೂ ಹೊಸದಾಗಬೇಕು. ಹೊಳಪಿನ ಕಾಗದದ ಕಪ್ಪು 2ನ್ನು ಮೀರಬಲ್ಲದು, ಮಂದ ಕಾಗದದ್ದು ಸುಮಾರು 1.6ರಲ್ಲಿಯೇ ನಿಲ್ಲುವುದುಂಟು. ಕೊನೆಯ ಎರಡು ಚೌಕಗಳ ಅಂಕಿ ಒಂದೇ ಆಗಿದ್ದರೆ ಕಾಗದಕ್ಕೆ ಶಾಯಿ ಹೆಚ್ಚಾಗಿದೆಯೆಂದು ತಿಳಿದು, ಅದರ ಮಿತಿಯನ್ನು ತಗ್ಗಿಸಿ, ಪಟ್ಟಿಯನ್ನು ಮೊದಲಿನಿಂದ ಮುದ್ರಿಸತಕ್ಕದ್ದು.